ಲಾಸ್ಟ್ ಎಕ್ಸೈಲ್: ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಅನ್ನೋದೇ ಇಡೀ ಕಥೆ

ಮೋಡದಂಚು

ಹಬೆ, ಹಲ್ಲಿನ ಚಕ್ರ, ಹಾರುವ ಹಡಗು ಇರುವ ಆನಿಮೆಗಳ ಮಾತು ಇಲ್ಲಿ ಆಗಾಗ ಬರುತ್ತದೆ. ಆದರೆ ಲಾಸ್ಟ್ ಎಕ್ಸೈಲ್ ಬಗ್ಗೆ ಒಂದು ಪೂರ್ತಿ ಚರ್ಚೆ ಆಗಿಲ್ಲ. ಅದಕ್ಕೇ ಶುರು ಮಾಡುತ್ತಿದ್ದೇನೆ. ಮೊದಲರ್ಧದ ಬಗ್ಗೆ ಧಾರಾಳವಾಗಿ ಬರೆಯಿರಿ. ಕೊನೆಯ ಕಂತುಗಳ ಗುಟ್ಟು ಹೇಳುವ ಮುಂಚೆ ದಯವಿಟ್ಟು ಒಂದು ಸಾಲು ಎಚ್ಚರಿಕೆ ಹಾಕಿ. ಹೊಸಬರೂ ಓದುತ್ತಿರುತ್ತಾರೆ.

ನೋಡದವರಿಗೆ ಸ್ವಲ್ಪ ಹಿನ್ನೆಲೆ. ಗೊಂಜೊ ಸ್ಟುಡಿಯೋ ತನ್ನ ಹತ್ತು ವರ್ಷ ತುಂಬಿದ ನೆನಪಿಗೆ ಮಾಡಿದ ಸರಣಿ ಇದು. 2003ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಟಿವಿ ಟೋಕಿಯೋದಲ್ಲಿ ಬಂತು. ಒಟ್ಟು 26 ಕಂತು. ನಿರ್ದೇಶನ ಕೋಯಿಚಿ ಚಿಗಿರಾ ಅವರದ್ದು. ಪಾತ್ರಗಳ ರೂಪ ರೇಂಜ್ ಮುರಾತಾ ಅವರದ್ದು. ಆ ಲೋಕದ ವಿನ್ಯಾಸದ ಹಿಂದೆ ಮಹಿರೊ ಮಾಎದಾ ಇದ್ದಾರೆ.

ಕಥೆ ನಡೆಯುವ ಲೋಕದ ಹೆಸರು ಪ್ರೆಸ್ಟರ್. ಅಲ್ಲಿ ಅನಾಟೊರೆ, ಡಿಸಿತ್ ಅಂತ ಎರಡು ದೇಶ. ನಡುವೆ ಗ್ರ್ಯಾಂಡ್ ಸ್ಟ್ರೀಮ್ ಅನ್ನುವ ಭಯಂಕರ ಬಿರುಗಾಳಿಯ ಪಟ್ಟಿ. ಅದನ್ನು ದಾಟಿ ಹೋಗಿ ಬಂದವರು ತೀರಾ ಕಮ್ಮಿ. ಎರಡೂ ದೇಶಗಳು ಯುದ್ಧದಲ್ಲಿವೆ. ಮೇಲೆ ಕೂತು ಆ ಯುದ್ಧಕ್ಕೆ ನಿಯಮ ಹಾಕುವವರು ಗಿಲ್ಡ್‌ನವರು.

ಇಂಥ ದೊಡ್ಡ ಲೋಕದಲ್ಲಿ ನಾವು ಹಿಂಬಾಲಿಸುವುದು ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು. ಪೈಲಟ್ ಕ್ಲಾಸ್ ವಾಲ್ಕಾ, ನ್ಯಾವಿಗೇಟರ್ ಲ್ಯಾವಿ ಹೆಡ್. ಇಬ್ಬರ ಅಪ್ಪಂದಿರೂ ಗ್ರ್ಯಾಂಡ್ ಸ್ಟ್ರೀಮ್ ದಾಟಲು ಹೋಗಿ ಸತ್ತವರು. ಅವರ ವ್ಯಾನ್‌ಶಿಪ್ಪನ್ನೇ, ಅಂದರೆ ಸಣ್ಣ ಹಾರುವ ಗಾಡಿಯನ್ನೇ, ಮಕ್ಕಳು ಸರಿಮಾಡಿಕೊಂಡು ಹಾರಿಸುತ್ತಾರೆ. ಕೆಲಸ ಏನು? ಪತ್ರ, ಸಾಮಾನು ತಲುಪಿಸುವುದು. ಕೆಲಸದ ಅಪಾಯ ನೋಡಿ ನಕ್ಷತ್ರ ಕೊಡುತ್ತಾರೆ. ನಕ್ಷತ್ರ ಜಾಸ್ತಿ ಇದ್ದಷ್ಟೂ ಬದುಕಿ ಬರುವುದು ಕಷ್ಟ, ಕಾಸು ಜಾಸ್ತಿ.

ನನ್ನ ವಾದ ಇಷ್ಟು. ಈ ಸರಣಿಯಲ್ಲಿ ಒಬ್ಬನೇ ಹಾರುವ ವೀರ ಇಲ್ಲ. ವ್ಯಾನ್‌ಶಿಪ್‌ನಲ್ಲಿ ಎರಡು ಸೀಟು. ಮುಂದೆ ಕೂತವನು ಹಾರಿಸುತ್ತಾನೆ. ಹಿಂದೆ ಕೂತವಳು ಒತ್ತಡ ನೋಡುತ್ತಾಳೆ, ದಾರಿ ಹೇಳುತ್ತಾಳೆ, ಎಂಜಿನ್ ಕೆಮ್ಮಿದರೆ ಅವಳೇ ಕೈ ಹಾಕಬೇಕು. ಯಾರ ಹಿಂದಿನ ಸೀಟಿನಲ್ಲಿ ಯಾರಿದ್ದಾರೆ, ಯಾರ ಹಿಂದಿನ ಸೀಟು ಖಾಲಿ ಆಯಿತು ಅನ್ನೋದನ್ನು ಗಮನಿಸುತ್ತಾ ಹೋದರೆ ಕಥೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಯುದ್ಧ, ಗಿಲ್ಡ್, ಎಕ್ಸೈಲ್ ಅನ್ನುವ ರಹಸ್ಯ ಎಲ್ಲವೂ ಇದರ ಸುತ್ತಲೇ ಇವೆ. ನಿಮಗೇನನ್ನಿಸುತ್ತದೆ?

ನೀಲಿ ಶಾಯಿ

ನಾನು ಮೊದಲ ಎರಡು ಕಂತು ಮಾತ್ರ ನೋಡಿದ್ದೇನೆ. ತುಂಬಾ ಇಷ್ಟ ಆಯಿತು. ಆದರೆ ಒಂದು ಪ್ರಶ್ನೆ. ಇದನ್ನು ಎಲ್ಲರೂ ಹಬೆಯ ಯುಗದ ಕಥೆ ಅಂತಾರೆ. ಪೈಪು, ಹಬೆ, ಮೀಟರ್ ಎಲ್ಲ ಕಾಣುತ್ತವೆ ಸರಿ. ಆದರೆ ರೆಕ್ಕೆಯೇ ಇಲ್ಲದ ಗಾಡಿ ಹಬೆಯಿಂದ ಹೇಗೆ ಹಾರುತ್ತದೆ? ನಿಜ ಜೀವನದಲ್ಲಿ ಹಬೆಯಿಂದ ವಿಮಾನ ಹಾರಿದ್ದುಂಟಾ?

ಹಬೆಯಂತ್ರ

ನೀಲಿ ಶಾಯಿ ಅವರೇ, ಒಳ್ಳೆ ಪ್ರಶ್ನೆ. ನಾನು ಬಾಯ್ಲರ್ ಕೆಲಸದಲ್ಲೇ ಇರುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸರಣಿಯಲ್ಲಿ ಕ್ಲಾಡಿಯಾ ಅನ್ನುವ ಒಂದು ಖನಿಜ ಇದೆ. ನೀಲಿಯಾಗಿ ಹೊಳೆಯುವ ಹರಳು. ಅದನ್ನು ದ್ರವದಲ್ಲಿ ಕರಗಿಸಿ, ಕಾಯಿಸಿ, ಪೈಪುಗಳಲ್ಲಿ ಸುತ್ತು ಹೊಡೆಸಿದರೆ ಗಾಡಿ ಮೇಲೇಳುತ್ತದೆ. ಅಂದರೆ ಎತ್ತುವ ಕೆಲಸ ಕ್ಲಾಡಿಯಾದ್ದು. ಅದಕ್ಕೇ ದೊಡ್ಡ ರೆಕ್ಕೆ ಬೇಕಿಲ್ಲ. ಉಳಿದದ್ದೆಲ್ಲ ನಮಗೆ ಗೊತ್ತಿರುವ ಹಬೆಯ ಕೆಲಸವೇ. ಕಾಯಿಸಬೇಕು, ಒತ್ತಡ ಕಾಯಬೇಕು, ಸೋರಿಕೆ ನೋಡಬೇಕು.

ನಿಜ ಜೀವನಕ್ಕೆ ಬಂದರೆ, ಹಬೆಯಿಂದ ಹಾರಿದ್ದಾರೆ. 1852ರ ಸೆಪ್ಟೆಂಬರ್ 24ರಂದು ಫ್ರಾನ್ಸಿನ ಆನ್ರಿ ಜಿಫಾರ್ ಒಂದು ಉದ್ದನೆಯ ಬಲೂನಿಗೆ 3 ಅಶ್ವಶಕ್ತಿಯ ಹಬೆ ಎಂಜಿನ್ ಕಟ್ಟಿ ಪ್ಯಾರಿಸ್‌ನಿಂದ ಟ್ರಾಪ್‌ವರೆಗೆ ಸುಮಾರು 27 ಕಿಲೋಮೀಟರ್ ಹೋದರು. ಮೇಲೆ ಜಲಜನಕ ತುಂಬಿದ ಚೀಲ, ಕೆಳಗೆ ಉರಿಯುವ ಒಲೆ! ಕಿಡಿ ಮೇಲೆ ಹೋಗಬಾರದು ಅಂತ ಹೊಗೆಯ ಕೊಳವೆಯನ್ನು ಕೆಳಮುಖ ಮಾಡಿದ್ದರು. ಆ ಧೈರ್ಯ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

1890ರ ಅಕ್ಟೋಬರ್‌ನಲ್ಲಿ ಕ್ಲೆಮಾನ್ ಅದೆರ್ ಅವರ ಹಬೆ ವಿಮಾನ ನೆಲ ಬಿಟ್ಟು ಒಂದು ಗೇಣಷ್ಟು ಮೇಲೆ ಸುಮಾರು 50 ಮೀಟರ್ ಜಿಗಿಯಿತು. 1896ರ ಮೇ 6ರಂದು ಅಮೆರಿಕದ ಸ್ಯಾಮುಯೆಲ್ ಲ್ಯಾಂಗ್ಲಿ ಅವರ ಮಾದರಿ ವಿಮಾನ, ಒಳಗೆ ಮನುಷ್ಯ ಇಲ್ಲದೆ, ಹಬೆಯಿಂದಲೇ ಸುಮಾರು 1 ಕಿಲೋಮೀಟರ್ ಹಾರಿತು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಬೆಸ್ಲರ್ ಸಹೋದರರದ್ದು. 1933ರ ಏಪ್ರಿಲ್ 12ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಅವರು ಎರಡು ರೆಕ್ಕೆಯ ವಿಮಾನಕ್ಕೆ 150 ಅಶ್ವಶಕ್ತಿಯ ಹಬೆ ಎಂಜಿನ್ ಕೂರಿಸಿ ಹಾರಿಸಿದರು. ಶಬ್ದ ಎಷ್ಟು ಕಡಿಮೆ ಅಂದರೆ ಮೇಲಿಂದ ಮಾತಾಡಿದ್ದು ಕೆಳಗಿನವರಿಗೆ ಕೇಳುತ್ತಿತ್ತಂತೆ. ಇಳಿದ ಮೇಲೆ ಎಂಜಿನ್ನನ್ನು ಉಲ್ಟಾ ತಿರುಗಿಸಿ ಬ್ರೇಕ್ ಹಾಕಬಹುದಿತ್ತು.

ಹಾಗಾದರೆ ಹಬೆ ವಿಮಾನ ಯಾಕೆ ಉಳಿಯಲಿಲ್ಲ? ತೂಕ. ಬಾಯ್ಲರ್ ತೂಕ, ನೀರಿನ ತೂಕ, ಹಬೆಯನ್ನು ಮತ್ತೆ ನೀರು ಮಾಡುವ ಕಂಡೆನ್ಸರ್ ತೂಕ. ಪೆಟ್ರೋಲ್ ಎಂಜಿನ್‌ಗೆ ಇದ್ಯಾವುದೂ ಬೇಡ.

ಈಗ ಸರಣಿಯ ಜಾಣ್ಮೆ ನೋಡಿ. ಅವರು ಕ್ಲಾಡಿಯಾ ಅಂತ ಒಂದೇ ಒಂದು ಸುಳ್ಳು ಹೇಳಿ ತೂಕದ ಸಮಸ್ಯೆಯನ್ನು ಪಕ್ಕಕ್ಕಿಟ್ಟರು. ಬೇರೆ ಯಾವ ಕಷ್ಟವನ್ನೂ ತೆಗೆಯಲಿಲ್ಲ. ಪೈಪು ಒಡೆಯುತ್ತದೆ. ಇಂಧನ ಮುಗಿಯುತ್ತದೆ. ಎಂಜಿನ್ ಬಿಚ್ಚಿ ಹಾಕಿಕೊಂಡು ಕೈ ಮಸಿ ಮಾಡಿಕೊಂಡು ಕೂರಬೇಕಾಗುತ್ತದೆ. ಎಷ್ಟೋ ಕಥೆಗಳಲ್ಲಿ ಹಲ್ಲಿನ ಚಕ್ರ ಬರೀ ಅಲಂಕಾರ. ಇಲ್ಲಿ ಯಂತ್ರ ಕೆಟ್ಟರೆ ಕಥೆಯೇ ಬೇರೆ ದಾರಿ ಹಿಡಿಯುತ್ತದೆ. ಲ್ಯಾವಿಯ ಕೈಯಲ್ಲಿ ಸ್ಪ್ಯಾನರ್ ಇರುವ ದೃಶ್ಯಗಳನ್ನು ಬರೆದವರಿಗೆ ಮೆಕ್ಯಾನಿಕ್ ಕೆಲಸದ ಮೇಲೆ ನಿಜವಾದ ಗೌರವ ಇದೆ.

ನೀಲಿ ಶಾಯಿ

ಧನ್ಯವಾದ ಸರ್! ಬೆಸ್ಲರ್ ಕಥೆ ಗೊತ್ತೇ ಇರಲಿಲ್ಲ.

ಕೋಟೆಬಾಗಿಲು

ಹಬೆಯಂತ್ರ ಅವರು ಸಣ್ಣ ಗಾಡಿಯ ಬಗ್ಗೆ ಬರೆದರು. ನಾನು ದೊಡ್ಡ ಹಡಗುಗಳ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಅಲ್ಲಿಯೇ ಈ ಸರಣಿಯ ಸಿಟ್ಟು ಇರುವುದು.

ಮೊದಲ ಕಂತಿನ ಯುದ್ಧ ನೆನಪಿಸಿಕೊಳ್ಳಿ. ಎರಡು ಹಾರುವ ಹಡಗುಪಡೆಗಳು ಎದುರುಬದುರು ನಿಲ್ಲುತ್ತವೆ. ಡೆಕ್ಕಿನ ಮೇಲೆ ಸಾಲು ಸಾಲಾಗಿ ಸೈನಿಕರು. ಕೈಯಲ್ಲಿ ಹಬೆಯ ಒತ್ತಡದ ಬಂದೂಕು. ಯಾವ ಮರೆಯೂ ಇಲ್ಲ. ಆಜ್ಞೆ ಬಂದಾಗ ಗುಂಡು ಹಾರಿಸಬೇಕು, ಪಕ್ಕದವನು ಬಿದ್ದರೂ ಸಾಲು ಬಿಡಬಾರದು.

ಇದು 18ನೇ ಶತಮಾನದ ಯುರೋಪಿನ ಯುದ್ಧದ ರೀತಿ. ಆಗಿನ ಮಸ್ಕೆಟ್ ಬಂದೂಕು 100 ಮೀಟರ್ ದಾಟಿದರೆ ಗುರಿ ತಪ್ಪುತ್ತಿತ್ತು. ಅದಕ್ಕೇ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಗುಂಡು ಹಾರಿಸುವುದು. 1745ರ ಫಾಂಟನ್ವಾ ಯುದ್ಧದ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ಇಂಗ್ಲಿಷ್, ಫ್ರೆಂಚ್ ಅಧಿಕಾರಿಗಳು ಎದುರುಬದುರು ನಿಂತು ನೀವೇ ಮೊದಲು ಗುಂಡು ಹಾರಿಸಿ ಅಂತ ಉಪಚಾರ ಮಾಡಿಕೊಂಡರಂತೆ. ಉಪಚಾರ ಅಧಿಕಾರಿಗಳದ್ದು, ಸಾವು ಸಾಲಿನಲ್ಲಿ ನಿಂತವರದ್ದು.

ಲಾಸ್ಟ್ ಎಕ್ಸೈಲ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಅನಾಟೊರೆಯ ದೊಡ್ಡವರು ಯುದ್ಧಧರ್ಮದ ಬಗ್ಗೆ ಮಾತಾಡುತ್ತಾರೆ. ಕ್ಯಾಮೆರಾ ಮಾತ್ರ ಸಾಲಿನ ಹುಡುಗರ ಮುಖದ ಮೇಲೆ ನಿಲ್ಲುತ್ತದೆ. ಅವರಲ್ಲಿ ಒಬ್ಬ ಮೋರನ್ ಶೆಟ್ಲ್ಯಾಂಡ್. ಮುಂದೆ ಅವನು ದೊಡ್ಡ ಪಾತ್ರ ಆಗುತ್ತಾನೆ. ಅವನ ಕಣ್ಣಿನಿಂದ ನೋಡಿದರೆ ಧರ್ಮಯುದ್ಧ ಅನ್ನೋದು ಬರೀ ಮೇಲಿನವರ ಮಾತು.

ಇನ್ನು ಗಿಲ್ಡ್. ಹಡಗುಗಳನ್ನು ಎತ್ತಿ ಹಿಡಿಯುವ ಯೂನಿಟ್‌ಗಳು ಗಿಲ್ಡ್‌ನವರ ಸ್ವತ್ತು. ಎರಡೂ ದೇಶಕ್ಕೆ ಅವರೇ ಕೊಡುವುದು. ನಿಯಮ ಮುರಿದರು ಅಂತ ಅವರಿಗೆ ಅನ್ನಿಸಿದರೆ ಯೂನಿಟ್ಟನ್ನು ಬಿಡಿಸಿಕೊಂಡು ಹೋಗುತ್ತಾರೆ. ಹಡಗು ಕೆಳಗೆ ಬೀಳುತ್ತದೆ, ಒಳಗಿದ್ದವರ ಸಮೇತ. ಎಂಜಿನ್ ಕೊಡುವವರೂ ಅವರೇ, ತೀರ್ಪು ಕೊಡುವವರೂ ಅವರೇ. ಎರಡು ಕಡೆಯವರು ಎಷ್ಟು ಹೊಡೆದಾಡಿದರೂ ಮೇಲಿನವರಿಗೆ ಏನೂ ಆಗುವುದಿಲ್ಲ.

ಅದಕ್ಕೇ ಸಿಲ್ವಾನಾ ಹಡಗಿನ ಕಪ್ಪು ನೆರಳು ಮೋಡದಿಂದ ಹೊರಗೆ ಬಂದಾಗ ಅಷ್ಟು ಖುಷಿ ಆಗುತ್ತದೆ. ಗಿಲ್ಡ್‌ನ ಹಿಡಿತದಲ್ಲಿ ಇಲ್ಲದ ಯೂನಿಟ್ ಅದರದ್ದು. ಯಾರೂ ಕಿತ್ತುಕೊಳ್ಳಲಾಗದ ಎಂಜಿನ್ ಇರುವ ಒಂದೇ ಯುದ್ಧನೌಕೆ.

ಮೋಡದಂಚು

ಕೋಟೆಬಾಗಿಲು ಅವರೇ, ಇದನ್ನು ನನ್ನ ಎರಡು ಸೀಟಿನ ಮಾತಿಗೆ ಜೋಡಿಸಬಹುದು. ಕ್ಲಾಸ್, ಲ್ಯಾವಿ ಬಡವರು. ಆದರೆ ಅವರ ಎಂಜಿನ್ ಅವರದ್ದೇ. ಬಿಚ್ಚುವುದಕ್ಕೂ ಜೋಡಿಸುವುದಕ್ಕೂ ಅವರಿಗೆ ಬರುತ್ತದೆ. ಇಡೀ ಅನಾಟೊರೆಯ ನೌಕಾಪಡೆಗೆ ಇಲ್ಲದ ಸ್ವಾತಂತ್ರ್ಯ ಈ ಇಬ್ಬರಿಗಿದೆ.

ತುಂಗೆಯ ದಂಡೆ

ನಾನು ಸ್ವಲ್ಪ ಬೇರೆ ದನಿ ಎತ್ತುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲ ಐದಾರು ಕಂತು ಅದ್ಭುತ. ನೋರ್ಕಿಯಾ ಊರು, ವ್ಯಾನ್‌ಶಿಪ್ ರೇಸು, ರೇಸಿನ ನಡುವೆ ಬೀಳುವ ಗಾಯಗೊಂಡ ಕೊರಿಯರ್, ಅವನ ಹತ್ತಿರ ಇರುವ ಪುಟ್ಟ ಹುಡುಗಿ ಆಲ್ವಿಸ್. ಏಳು ನಕ್ಷತ್ರದ ಕೆಲಸ. ಸಾಯುತ್ತಿರುವವನು ಆ ಹುಡುಗಿಯನ್ನು ಸಿಲ್ವಾನಾಗೆ ತಲುಪಿಸು ಅಂತ ಕ್ಲಾಸ್ ಕೈಗೆ ಒಪ್ಪಿಸುತ್ತಾನೆ. ಇಷ್ಟು ಚೆನ್ನಾಗಿ ಕಥೆಗೆ ಎಳೆದುಕೊಂಡ ಸರಣಿ ಕಮ್ಮಿ.

ಆದರೆ ಸಿಲ್ವಾನಾ ಹತ್ತಿದ ಮೇಲೆ ಏನಾಯಿತು? ಕ್ಲಾಸ್, ಲ್ಯಾವಿ ಪ್ರಯಾಣಿಕರಾಗಿಬಿಟ್ಟರು. ಎಲ್ಲ ನಿರ್ಧಾರ ಹಡಗಿನ ನಾಯಕ ಅಲೆಕ್ಸ್ ರೋ ಮಾಡುತ್ತಾನೆ. ಅವನೋ ಬಾಯಿ ಬಿಡುವುದಿಲ್ಲ. ಕ್ಲಾಸ್ ಒಳ್ಳೆ ಹುಡುಗ, ಆದರೆ ಎಷ್ಟೋ ಹೊತ್ತು ಸುಮ್ನೆ ನಿಂತಿರುತ್ತಾನೆ. ಮಿಸ್ಟೀರಿಯಾನ್, ಗಿಲ್ಡ್‌ನ ಮನೆತನಗಳು, ಎಕ್ಸೈಲ್ ಅಂತ ಹೆಸರುಗಳ ಮೇಲೆ ಹೆಸರು. ವಿವರಣೆ ಕೊಡುವುದೇ ಇಲ್ಲ. ನನ್ನ ತಂಗಿ ಹತ್ತನೇ ಕಂತಿನ ಹೊತ್ತಿಗೆ ಎದ್ದು ಹೋದಳು.

ಮುಖ್ಯವಾಗಿ ಲ್ಯಾವಿ. ಇಷ್ಟು ಗಟ್ಟಿ ಹುಡುಗಿಯನ್ನು ಅರ್ಧದಲ್ಲಿ ಸೀಟಿನಿಂದ ಇಳಿಸಿದರಲ್ಲ, ಅದು ನನಗೆ ನೋವು. ಸಿಲ್ವಾನಾದ ವ್ಯಾನ್‌ಶಿಪ್ ಪೈಲಟ್ ಟಟಿಯಾನಾಗೆ ಜಾಗ ಮಾಡಿಕೊಡಲು ಲ್ಯಾವಿಯನ್ನು ಪಕ್ಕಕ್ಕೆ ಸರಿಸಿದ ಹಾಗೆ ಕಂಡಿತು.

ಮೋಡದಂಚು

ಬೇಜಾರೇನಿಲ್ಲ, ಚರ್ಚೆಗೆ ಅಂತಲೇ ಶುರು ಮಾಡಿದ್ದು. ಹೆಸರುಗಳ ಗೊಂದಲ ಒಪ್ಪುತ್ತೇನೆ. ಅಲೆಕ್ಸ್ ಜಾಸ್ತಿ ಮಾತಾಡಿದ್ದರೆ ಮೂರು ಕಂತು ಉಳಿಯುತ್ತಿತ್ತು.

ಆದರೆ ಲ್ಯಾವಿ ವಿಷಯದಲ್ಲಿ ನಾನು ಪೂರ್ತಿ ಬೇರೆ ರೀತಿ ನೋಡುತ್ತೇನೆ. ಅವಳನ್ನು ಯಾರೂ ಇಳಿಸಲಿಲ್ಲ. ಅವಳೇ ಇಳಿದಳು. ಯಾಕೆ ಇಳಿದಳು ಅನ್ನೋದು ಈ ಸರಣಿಯ ಬಹಳ ಪ್ರಾಮಾಣಿಕ ಭಾಗ.

ಯೋಚನೆ ಮಾಡಿ. ಅವಳಿಗೆ ವ್ಯಾನ್‌ಶಿಪ್ ಅಂದರೆ ಅಪ್ಪಂದಿರು ಬಿಟ್ಟುಹೋದ ಕನಸು. ಪತ್ರ ಹೊತ್ತು ಹಾರುವ ಗಾಡಿ. ಸಿಲ್ವಾನಾದಲ್ಲಿ ಅದೇ ಗಾಡಿ ಯುದ್ಧಕ್ಕೆ ಹೋಗಬೇಕು. ಕ್ಲಾಸ್‌ಗೆ ಹಾರುವುದೊಂದೇ ಗೊತ್ತು, ಎಲ್ಲಿ ಹಾರಿಸಿದರೂ ಹಾರುತ್ತಾನೆ. ಅದರಲ್ಲಿ ಅವನು ಒಳ್ಳೆಯವನೂ ಹೌದು, ಅಪಾಯಕಾರಿಯೂ ಹೌದು. ನನಗೆ ಇದು ಬೇಡ ಅಂತ ಹೇಳುವ ಧೈರ್ಯ ಲ್ಯಾವಿಗೆ ಮಾತ್ರ ಇತ್ತು. ಯುದ್ಧದ ಕಥೆಗಳಲ್ಲಿ ಹುಡುಗರು ಕೊಲ್ಲುವುದನ್ನು ಕಲಿತರೆ ಅದನ್ನು ಬೆಳೆಯುವುದು ಅಂತ ತೋರಿಸುತ್ತಾರೆ. ಇಲ್ಲಿ ಒಬ್ಬಳು ಸೀಟು ಬಿಟ್ಟು ಮೆಕ್ಯಾನಿಕ್‌ಗಳ ಜೊತೆ ಹೋಗಿ ನಿಲ್ಲುತ್ತಾಳೆ. ಅವಳು ಅಳುತ್ತಾಳೆ, ಹೌದು. ಆದರೆ ಮಾತು ಬದಲಿಸುವುದಿಲ್ಲ.

14ನೇ ಕಂತನ್ನು ಮತ್ತೊಮ್ಮೆ ನೋಡಿ. ಆ ಕಂತಿನ ಹೆಸರಲ್ಲೇ ಲ್ಯಾವಿ ಇದ್ದಾಳೆ. ಅವಳ ಬಾಲ್ಯ, ಅವರಿಬ್ಬರೂ ಆ ಗಾಡಿಗೆ ಯಾಕೆ ಅಷ್ಟು ಅಂಟಿಕೊಂಡರು ಅನ್ನೋದು ಅಲ್ಲಿ ಬರುತ್ತದೆ. ಅದನ್ನು ನೋಡಿದ ಮೇಲೆ ಅವಳು ಇಳಿದದ್ದು ಹಿಂದೆ ಸರಿದ ಹಾಗೆ ನನಗೆ ಕಾಣಲಿಲ್ಲ.

ಕುದುರೆ ನಡೆ

ಕಂತುಗಳ ಹೆಸರಿನ ಮಾತು ಬಂತಲ್ಲ, ನಾನು ಬಾಯಿ ಹಾಕಲೇಬೇಕು. ನಾನು ಚೆಸ್ ಕಲಿಸುವವಳು.

ಹೆಚ್ಚುಕಮ್ಮಿ ಎಲ್ಲ ಕಂತುಗಳ ಹೆಸರೂ ಚೆಸ್ ಆಟದಿಂದ ಬಂದದ್ದು. ಮೊದಲನೆಯದು ಫಸ್ಟ್ ಮೂವ್, ಕೊನೆಯದು ರಿಸೈನ್. ಸುಮ್ನೆ ಸ್ಟೈಲ್‌ಗೆ ಇಟ್ಟದ್ದಲ್ಲ.

4ನೇ ಕಂತಿನ ಹೆಸರು ಜುಗ್ಸ್ವಾಂಗ್. ಚೆಸ್‌ನಲ್ಲಿ ಇದು ತೀರಾ ಕೆಟ್ಟ ಸ್ಥಿತಿ. ಆಟಗಾರ ಸುಮ್ಮನೆ ಇದ್ದರೆ ಪರವಾಗಿಲ್ಲ, ಆದರೆ ಸರದಿ ಬಂದಿದೆ, ಏನಾದರೂ ನಡೆಸಲೇಬೇಕು. ಯಾವ ಕಾಯಿ ನಡೆಸಿದರೂ ಹಾನಿಯೇ. ಆಲ್ವಿಸ್ ಕೈಗೆ ಬಂದ ಮೇಲೆ ಕ್ಲಾಸ್, ಲ್ಯಾವಿ ಇರುವುದು ಅಲ್ಲೇ. ಮನೆಯಲ್ಲಿ ಇಟ್ಟುಕೊಂಡರೆ ಗಿಲ್ಡ್ ಬರುತ್ತದೆ. ಹಾರಿದರೆ ಹಿಂದೆ ಬೀಳುತ್ತದೆ. ಸಿಲ್ವಾನಾಗೆ ಒಪ್ಪಿಸಿದರೆ ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಿದ ಮೇಲೂ ಅವರು ಮರಳಿ ಬರುವುದು ಅದಕ್ಕೇ.

13ನೆಯದು ಐಸೋಲೇಟೆಡ್ ಪಾನ್. ಅಕ್ಕಪಕ್ಕದಲ್ಲಿ ತನ್ನ ಕಡೆಯ ಕಾಲಾಳು ಇಲ್ಲದೆ ಒಂಟಿಯಾದ ಕಾಲಾಳು. ಆ ಕಂತಿನಲ್ಲಿ ಕ್ಲಾಸ್, ಟಟಿಯಾನಾ ಮರುಭೂಮಿಯಲ್ಲಿ ಬಿದ್ದು ಸಿಕ್ಕಿಹಾಕಿಕೊಳ್ಳುತ್ತಾರೆ. ತುಂಗೆಯ ದಂಡೆ ಅವರೇ, ಟಟಿಯಾನಾ ಬಗ್ಗೆ ನಿಮಗೆ ಬೇಸರ ಇದೆ. ಆದರೆ ಆ ಕಂತು ಅವಳ ಸೊಕ್ಕನ್ನು ಎಷ್ಟು ಮೆಲ್ಲಗೆ ಬಿಚ್ಚುತ್ತದೆ ನೋಡಿ. ಅವಳಿಗೂ ಹಿಂದಿನ ಸೀಟಿನಲ್ಲಿ ಆಲಿಸ್ಟರ್ ಅನ್ನುವ ಗೆಳತಿ ಇದ್ದಾಳೆ. ಆ ಗೆಳತಿ ಇಲ್ಲದಾಗ ಟಟಿಯಾನಾ ಎಷ್ಟು ಸಣ್ಣವಳಾಗಿ ಕಾಣುತ್ತಾಳೆ! ಮೋಡದಂಚು ಅವರ ವಾದಕ್ಕೆ ಇದೂ ಸೇರುತ್ತದೆ.

ನನಗೆ ಬಹಳ ಇಷ್ಟವಾದದ್ದು 18ನೆಯದು, ಪ್ರಮೋಷನ್ ಸೋಫಿಯಾ. ಮುಂದಿನದು ಗುಟ್ಟು, ನೋಡದವರು ಈ ಪ್ಯಾರಾ ಬಿಡಿ. ಸಿಲ್ವಾನಾದ ಉಪನಾಯಕಿ ಸೋಫಿಯಾ ಅನಾಟೊರೆಯ ರಾಜಕುಮಾರಿ ಅಂತ ಗೊತ್ತಾಗಿ, ಅವಳು ಪಟ್ಟಕ್ಕೆ ಬರುತ್ತಾಳೆ. ಕಾಲಾಳು ಕೊನೆಯ ಮನೆ ಮುಟ್ಟಿದರೆ ರಾಣಿ ಆಗುತ್ತದೆ. ಆದರೆ ರಾಣಿ ಆದ ಮೇಲೆ ಆ ಕಾಲಾಳು ಹಲಗೆಯ ಮೇಲೆ ಇರುವುದಿಲ್ಲ, ಅಲ್ವಾ? ಕನ್ನಡಕ ತೆಗೆದು, ಕೂದಲು ಬಿಚ್ಚಿ ಬಂದ ಸೋಫಿಯಾಳನ್ನು ನೋಡಿದಾಗ ಅದೇ ಅನ್ನಿಸಿತು. ಅವಳಿಗೆ ಬೇಕಾಗಿದ್ದ ಜಾಗ ಸಿಲ್ವಾನಾದಲ್ಲಿ ಅಲೆಕ್ಸ್ ಪಕ್ಕ. ಸಿಕ್ಕಿದ್ದು ಸಿಂಹಾಸನ.

ಬಣ್ಣದ ಡಬ್ಬಿ

ಚಿತ್ರದ ಬಗ್ಗೆ ಯಾರೂ ಬರೆದಿಲ್ಲವಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಹಡಗು, ಕೈಯಲ್ಲಿ ಬರೆದ ಮನುಷ್ಯರು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಸೇರಿಸುವುದು ಗೊಂಜೊದವರ ಗುರುತು. 2003ರಲ್ಲಿ ಟಿವಿ ಸರಣಿಗೆ ಇದು ದೊಡ್ಡ ಸಾಹಸ. ಇವತ್ತು ನೋಡಿದರೆ ಕೆಲವು ಕಡೆ ಹಡಗುಗಳು ಚಿತ್ರದಿಂದ ಬಿಟ್ಟುಕೊಂಡ ಹಾಗೆ ಕಾಣುತ್ತವೆ. ಆದರೆ ಮೋಡಗಳ ನಡುವೆ, ಮಸುಕು ಬೆಳಕಿನಲ್ಲಿ, ಆ ಭಾರದ ಹಡಗುಗಳು ನಿಧಾನ ತಿರುಗುವುದು ಈಗಲೂ ಮೈನವಿರೇಳಿಸುತ್ತದೆ. ತೂಕ ಇದೆ ಅನ್ನಿಸುತ್ತದೆ. ತೂಕ ಅನ್ನಿಸುವ ಹಾಗೆ ಬರೆಯುವುದು ಕಷ್ಟ.

ವಿನ್ಯಾಸಕ್ಕೆ ಅವರು ಎರಡು ಮಹಾಯುದ್ಧಗಳ ನಡುವಿನ ಜರ್ಮನಿಯನ್ನು ನೋಡಿದ್ದಾರೆ. ಅದಕ್ಕೇ ಇಲ್ಲಿ ಬರೀ ಹಿತ್ತಾಳೆ, ಬರೀ ವಿಕ್ಟೋರಿಯಾ ಕಾಲದ ಟೋಪಿ ಇಲ್ಲ. ಚರ್ಮದ ಕೋಟು, ಗಾಗಲ್ಸ್, ದುಂಡು ಮೂತಿಯ ಗಾಡಿ. ಮುರಾತಾ ಅವರ ಗೆರೆಯಲ್ಲಿ ಬಟ್ಟೆಯ ಹೊಲಿಗೆ, ಗುಂಡಿ, ಬೆಲ್ಟಿನ ಬಕಲ್ ಎಲ್ಲಕ್ಕೂ ಗಮನ. ಗಿಲ್ಡ್‌ನವರು ಮಾತ್ರ ಬೇರೆ. ಬಿಳಿ, ನುಣುಪು, ಒಂದು ಕಲೆ ಇಲ್ಲ. ಕೈಗೆ ಮಸಿ ಆಗದವರ ಲೋಕ ಅಂತ ಬಾಯಲ್ಲಿ ಹೇಳದೆಯೇ ಗೊತ್ತಾಗುತ್ತದೆ.

ಸಂಗೀತ ಹಿತೋಮಿ ಕುರೋಯಿಷಿ ಅವರದ್ದು. ಕೊನೆಯ ಹಾಡನ್ನು ಯಾರೂ ಸ್ಕಿಪ್ ಮಾಡಬೇಡಿ.

ಡೋಣಿ ಹೊಲ

ನಾನು ವಿಜಯಪುರ ಜಿಲ್ಲೆಯವನು. ಈ ಸರಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಡಗೂ ಅಲ್ಲ, ಹಬೆಯೂ ಅಲ್ಲ. ನೀರು.

ಅನಾಟೊರೆ ಬತ್ತುತ್ತಿರುವ ದೇಶ. ಅಲ್ಲಿ ನೀರಿಗೆ ದರ್ಜೆ ಇದೆ. ಮೊದಲ ದರ್ಜೆಯ ನೀರು ಸಿರಿವಂತರಿಗೆ. ಬಡವರು ಕೆಳಗಿನ ದರ್ಜೆಯದ್ದನ್ನು ಕುಡಿಯಬೇಕು. ನಮ್ಮ ಕಡೆ ಸಿಹಿನೀರಿನ ಕೊಡ ಬೇರೆ, ಸವಳು ನೀರಿನ ಕೊಡ ಬೇರೆ ಇಟ್ಟು ಬೆಳೆದವರಿಗೆ ಆ ದೃಶ್ಯ ವಿವರಿಸಬೇಕಿಲ್ಲ.

ಇನ್ನೊಂದು ಕಡೆ ಡಿಸಿತ್ ಹಿಮದಲ್ಲಿ ಹೆಪ್ಪುಗಟ್ಟುತ್ತಿದೆ. ಅವರು ಗ್ರ್ಯಾಂಡ್ ಸ್ಟ್ರೀಮ್ ದಾಟಿ ಬರುವುದು ಲೂಟಿಯ ಆಸೆಗಲ್ಲ, ಬದುಕುವ ನೆಲ ಬೇಕು ಅಂತ. ಇದು ನಮಗೆ ನಿಧಾನವಾಗಿ ಗೊತ್ತಾಗುತ್ತದೆ. ಮೊದಮೊದಲು ಅವರು ಮುಖವಾಡ ಹಾಕಿದ ಶತ್ರುಗಳು, ಅಷ್ಟೇ. ಆಮೇಲೆ ದುನಿಯಾ ಅನ್ನುವ ಡಿಸಿತ್ ಹುಡುಗಿ ಬರುತ್ತಾಳೆ. ಮೋರನ್‌ಗೂ ಅವಳಿಗೂ ಹತ್ತಿರ ಆಗುತ್ತದೆ. ಅದೇ ಮೋರನ್, ಮೊದಲ ಕಂತಿನಲ್ಲಿ ಅವಳ ಜನದ ಕಡೆ ಗುಂಡು ಹಾರಿಸಿದವನು. ಎರಡು ದೇಶದ ಜಗಳವನ್ನು ದೊಡ್ಡ ಭಾಷಣದಿಂದ ಬಿಡಿಸದೆ ಈ ಇಬ್ಬರ ಮೂಲಕ ತೋರಿಸಿದ್ದು ನನಗೆ ತುಂಬಾ ಹಿಡಿಸಿತು. ಕ್ಲಾಸ್‌ಗಿಂತ ಮೋರನ್‌ನ ಕಥೆಯೇ ನನಗೆ ದೊಡ್ಡದು.

ತುಂಗೆಯ ದಂಡೆ

ಡೋಣಿ ಹೊಲ ಅವರೇ, ಮೋರನ್ ವಿಷಯ ನೂರಕ್ಕೆ ನೂರು ಸರಿ.

ಲ್ಯಾವಿ ಬಗ್ಗೆ ಮೋಡದಂಚು ಬರೆದದ್ದನ್ನು ಓದಿದೆ. ಅವಳ ಕಾರಣ ಗಟ್ಟಿ ಅಂತ ಒಪ್ಪೋಣ. ಆದರೂ ಅಷ್ಟು ಕಂತುಗಳಲ್ಲಿ ಅವಳಿಗೆ ಮಾಡಲು ಸರಿಯಾದ ಕೆಲಸ ಕೊಟ್ಟಿಲ್ಲ. ಬರೆದವರು ಅವಳ ನಿರ್ಧಾರಕ್ಕೆ ಗೌರವ ಕೊಟ್ಟಿದ್ದರೆ ಹಡಗಿನ ಎಂಜಿನ್ ಕೋಣೆಯಲ್ಲೇ ಅವಳದ್ದೊಂದು ಕಥೆ ಕಟ್ಟಬಹುದಿತ್ತು. ನನ್ನ ದೂರು ಇಷ್ಟೇ, ಅದು ಹಾಗೇ ಇದೆ.

ಹಬೆಯಂತ್ರ

ಈ ದೂರಿಗೆ ನನ್ನ ಬೆಂಬಲ ಇದೆ. ಸಿಲ್ವಾನಾದ ಎಂಜಿನ್ ಕೋಣೆಯನ್ನು ಸರಿಯಾಗಿ ತೋರಿಸಿದ್ದರೆ ನಾನಂತೂ ಇನ್ನೂ ಹತ್ತು ಕಂತು ನೋಡುತ್ತಿದ್ದೆ.

ರಾತ್ರಿಪಾಳಿ

ಎಚ್ಚರಿಕೆ: ಇಲ್ಲಿಂದ ಕೆಳಗೆ ಕೊನೆಯ ಕಂತುಗಳ ಗುಟ್ಟು ಪೂರ್ತಿ ಇದೆ. ನೀಲಿ ಶಾಯಿ ಅವರೇ, ನೀವು ನಿಲ್ಲಿಸಿ.

ಎರಡು ಸೀಟಿನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಡಿಯೋ. ಆಶ್ಚರ್ಯ, ಇಷ್ಟು ಹೊತ್ತು ಯಾರೂ ಅವನ ಹೆಸರು ಎತ್ತಲಿಲ್ಲ.

ಡಿಯೋ ಗಿಲ್ಡ್‌ನ ಮೇಸ್ಟ್ರೋ, ಅಂದರೆ ಗಿಲ್ಡ್‌ನ ಒಡತಿ, ಡೆಲ್ಫೀನ್‌ಳ ತಮ್ಮ. ಮೊದಲು ತಮಾಷೆಗೆ ಹಾರುವ ಸಿರಿವಂತ ಹುಡುಗ. ಕ್ಲಾಸ್‌ನ ಹಾರಾಟ ನೋಡಿ ಅವನ ಹಿಂದೆ ಬೀಳುತ್ತಾನೆ. ಅವನಿಗೆ ಯಾವಾಗಲೂ ಜೊತೆಗಿರುವವನು ಲುಚಿಯೋಲಾ. ಸೇವಕ, ಕಾವಲುಗಾರ, ಎಲ್ಲಕ್ಕಿಂತ ಹೆಚ್ಚಾಗಿ ಅವನ ಒಬ್ಬನೇ ಗೆಳೆಯ. ಹೊರೈಜನ್ ಕೇವ್‌ನ ಎಂಟು ಗಂಟೆಯ ರೇಸಿನಲ್ಲಿ ಡಿಯೋ ಎಷ್ಟು ಖುಷಿಯಾಗಿರುತ್ತಾನೆ ನೋಡಿ.

ಕೊನೆಯ ಕಂತುಗಳಲ್ಲಿ ಅಕ್ಕ ಅವನ ಮನಸ್ಸನ್ನೇ ಅಳಿಸಿಹಾಕುತ್ತಾಳೆ. ಲುಚಿಯೋಲಾ ತನ್ನ ಜೀವ ಕೊಟ್ಟು ಅವನನ್ನೂ ಕ್ಲಾಸ್, ಆಲ್ವಿಸ್‌ರನ್ನೂ ಪಾರು ಮಾಡುತ್ತಾನೆ. ಅದು ಡಿಯೋಗೆ ಗೊತ್ತೇ ಆಗುವುದಿಲ್ಲ. ಗ್ರ್ಯಾಂಡ್ ಸ್ಟ್ರೀಮ್‌ನ ಗಾಳಿಯ ನಡುವೆ ಹಾರುತ್ತಾ ಅವನು ಹಿಂದೆ ತಿರುಗಿ ನೋಡುತ್ತಾನೆ. ಹಿಂದಿನ ಸೀಟು ಖಾಲಿ. ಲುಚಿಯೋಲಾ ಎಲ್ಲಿ ಅಂತ ಎದ್ದು ಹೊರಗೆ ಹೆಜ್ಜೆ ಇಡುತ್ತಾನೆ. ಅಷ್ಟೇ. ಕೂಗಾಟ ಇಲ್ಲ, ಅಳು ಇಲ್ಲ. ನಾನು ನೋಡಿದ ಎಲ್ಲ ಆನಿಮೆಗಳಲ್ಲಿ ಇಷ್ಟು ಎದೆ ಹಿಂಡಿದ ದೃಶ್ಯ ಇನ್ನೊಂದಿಲ್ಲ.

ಅಲೆಕ್ಸ್ ರೋ ಕೂಡ ಹಾಗೇ. ಅವನ ಹಿಂದಿನ ಸೀಟಿನಲ್ಲಿ ಇದ್ದವಳು ಯೂರಿಸ್. ಕ್ಲಾಸ್, ಲ್ಯಾವಿಯರ ಅಪ್ಪಂದಿರು ಸತ್ತ ಆ ಹಾರಾಟದಲ್ಲೇ ಅವಳೂ ಹೋದಳು. ಶಾಂತಿಯ ಪತ್ರ ಒಯ್ಯುವ ಹಾರಾಟ ಅದು. ಬದುಕಿ ಬಂದವನು ಅಲೆಕ್ಸ್ ಒಬ್ಬನೇ. ಆಮೇಲೆ ಅವನು ದೊಡ್ಡ ಕಪ್ಪು ಹಡಗಿನ ನಡುವೆ ಒಬ್ಬನೇ ಕೂರುತ್ತಾನೆ, ಮತ್ತೆ ಎರಡು ಸೀಟಿನ ಗಾಡಿಯ ಕಡೆ ಬರುವುದಿಲ್ಲ. ಅವನು ಯಾಕೆ ಮಾತಾಡುವುದಿಲ್ಲ ಅಂತ ತುಂಗೆಯ ದಂಡೆ ಕೇಳಿದ್ದರಲ್ಲ, ನನ್ನ ಪ್ರಕಾರ ಉತ್ತರ ಅಲ್ಲಿದೆ.

ಕೊನೆಗೆ ಡೆಲ್ಫೀನ್‌ಳ ಸೆರೆಯಲ್ಲಿ, ಹೂಬಳ್ಳಿಯ ಮುಳ್ಳಿನ ನಡುವೆ ಸಿಕ್ಕಿಬಿದ್ದವನು ಒಂದೇ ಕೈಯಲ್ಲಿ ಅವಳ ಕುತ್ತಿಗೆ ಹಿಡಿಯುತ್ತಾನೆ. ಇದನ್ನು ಗೆಲುವು ಅನ್ನಲು ನನಗೆ ಮನಸ್ಸಾಗುವುದಿಲ್ಲ. ಸೇಡು ತೀರಿತು, ಮನುಷ್ಯ ಉಳಿಯಲಿಲ್ಲ.

ಕೋಟೆಬಾಗಿಲು

ಗುಟ್ಟು ಮುಂದುವರಿಯುತ್ತದೆ, ಎಚ್ಚರಿಕೆ.

ರಾತ್ರಿಪಾಳಿ ಅವರು ಬರೆದದ್ದು ಓದಿ ಆ ದೃಶ್ಯ ಮತ್ತೆ ಕಣ್ಣಿಗೆ ಬಂತು. ಮುಕ್ತಾಯದ ಬಗ್ಗೆ ನನ್ನದೊಂದು ಮಾತು. ಎಕ್ಸೈಲ್ ಒಂದು ದೊಡ್ಡ ವಲಸೆ ಹಡಗು ಅಂತ ಗೊತ್ತಾಗುತ್ತದೆ. ಜನರನ್ನು ಈ ಲೋಕಕ್ಕೆ ಕರೆದುಕೊಂಡು ಬಂದದ್ದು ಅದೇ. ನಾಲ್ಕು ಗಿಲ್ಡ್ ಮನೆತನಗಳ ಬಳಿ ಇದ್ದ ಮಿಸ್ಟೀರಿಯಾನ್ ಸಾಲುಗಳು ಅದರ ಬೀಗದ ಕೈ. ಇಷ್ಟನ್ನು ಕೊನೆಯಲ್ಲಿ ಬಹಳ ಅವಸರದಲ್ಲಿ ಹೇಳುತ್ತಾರೆ. ಎರಡು ಕಂತು ಜಾಸ್ತಿ ಇದ್ದಿದ್ದರೆ ಚೆನ್ನಾಗಿತ್ತು.

ಆದರೆ ಒಂದು ವಿಷಯದಲ್ಲಿ ಅವಸರ ಮಾಡಿಲ್ಲ. ಕೊನೆಗೆ ಗ್ರ್ಯಾಂಡ್ ಸ್ಟ್ರೀಮ್ ದಾಟುವವರು ಕ್ಲಾಸ್ ಮತ್ತು ಲ್ಯಾವಿ. ಅದೇ ಗಾಡಿ, ಅದೇ ಎರಡು ಸೀಟು. ಲ್ಯಾವಿ ಯುದ್ಧಕ್ಕೆ ಅಂತ ವಾಪಸ್ ಬಂದಿಲ್ಲ. ಅಪ್ಪಂದಿರು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲು ಬಂದಿದ್ದಾಳೆ. ಅವಳು ಮೊದಲೇ ಇಳಿಯದೆ ಇದ್ದಿದ್ದರೆ ಈ ಹತ್ತುವಿಕೆಗೆ ಬೆಲೆ ಇರುತ್ತಿರಲಿಲ್ಲ.

ಕುದುರೆ ನಡೆ

ಮುಂದುವರಿದ ಸರಣಿ ಯಾರಾದರೂ ನೋಡಿದ್ದೀರಾ? ಫ್ಯಾಮ್, ದ ಸಿಲ್ವರ್ ವಿಂಗ್. 2011ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಅದನ್ನು ಶುರು ಮಾಡಲೋ ಬೇಡವೋ ಅಂತ ಯೋಚಿಸುತ್ತಿದ್ದೇನೆ.

ಬಣ್ಣದ ಡಬ್ಬಿ

ನೋಡಿದ್ದೇನೆ. ನಿರ್ದೇಶನ ಚಿಗಿರಾ ಅವರದ್ದೇ. ಈ ಸಲ ಆಕಾಶದ ಕಳ್ಳರ ಗುಂಪಿನ ಫ್ಯಾಮ್ ಅನ್ನುವ ಹುಡುಗಿ ಪೈಲಟ್, ಗೆಳತಿ ಜಿಸೆಲ್ ನ್ಯಾವಿಗೇಟರ್. ಹಡಗುಗಳನ್ನೇ ಕದಿಯುವವರು! ಬಣ್ಣ ಜಾಸ್ತಿ, ಬೆಳಕು ಜಾಸ್ತಿ, ಹಡಗುಗಳ ಚಿತ್ರ ಮೊದಲಿಗಿಂತ ಎಷ್ಟೋ ಹದವಾಗಿ ಕೂತಿದೆ. ಆದರೆ ಮೊದಲ ಸರಣಿಯ ಆ ಮಂಕು, ಆ ಬಡತನ, ಒಂದು ಬಾಟಲಿ ನೀರಿಗೆ ಇದ್ದ ಬೆಲೆ ಇಲ್ಲಿ ಇಲ್ಲ. ಕಥೆ ತುಂಬಾ ಬೇಗ ದೊಡ್ಡ ದೇಶಗಳ ರಾಜಕೀಯಕ್ಕೆ ಹಾರುತ್ತದೆ. ನನಗೆ ಮೊದಲನೆಯದೇ ಮೇಲು.

ಹಳೆಯ ಮುಖಗಳು ಬರುತ್ತವೆ. ಟಟಿಯಾನಾ, ಆಲಿಸ್ಟರ್ ಇದ್ದಾರೆ. ಇನ್ನೊಬ್ಬರೂ ಇದ್ದಾರೆ, ಹೆಸರು ಹೇಳಿದರೆ ರಾತ್ರಿಪಾಳಿ ಅವರಿಗೆ ಸ್ವಲ್ಪ ಸಮಾಧಾನ ಆಗಬಹುದು. ಹೇಳುವುದಿಲ್ಲ, ನೀವೇ ನೋಡಿ.

ನೀಲಿ ಶಾಯಿ

ಗುಟ್ಟಿನ ಭಾಗ ಬಿಟ್ಟು ಉಳಿದದ್ದೆಲ್ಲ ಓದಿದೆ. ಈಗ ಏಳನೇ ಕಂತು ಮುಗಿಸಿದ್ದೇನೆ. ಅಲೆಕ್ಸ್ ಮೇಲೆ ತುಂಬಾ ಸಿಟ್ಟು ಬರುತ್ತಿದೆ. ಆ ಪುಟ್ಟ ಹುಡುಗಿಯ ಜೊತೆ ಅವನು ನಡೆದುಕೊಳ್ಳುವ ರೀತಿ ಸರಿ ಇಲ್ಲ. ನನ್ನ ತಮ್ಮನಿಗೂ ತೋರಿಸೋಣ ಅಂತ ಇದೆ, ಹನ್ನೊಂದು ವರ್ಷ ಅವನಿಗೆ. ತೋರಿಸಬಹುದಾ?

ಮೋಡದಂಚು

ಸಿಟ್ಟು ಬರಲಿ, ಬರಬೇಕಾದ್ದೇ. ಆಲ್ವಿಸ್‌ಗೆ ಏನು ಬೇಕು ಅಂತ ಆ ಹಡಗಿನಲ್ಲಿ ಮೊದಲು ಕೇಳುವವರು ಯಾರು ಅಂತ ನೋಡುತ್ತಿರಿ.

ತಮ್ಮನ ವಿಷಯ: ಮೊದಲ ಮೂರು ಕಂತು ಜೊತೆಯಲ್ಲಿ ಕೂತು ನೋಡಿ. ರೇಸು, ಹಾರಾಟ ಅವನಿಗೆ ಖಂಡಿತ ಹಿಡಿಸುತ್ತದೆ. ಸಾಲಿನಲ್ಲಿ ನಿಂತ ಸೈನಿಕರು ಬೀಳುವ ದೃಶ್ಯಗಳಲ್ಲಿ ರಕ್ತ ಜಾಸ್ತಿ ಇಲ್ಲ, ಆದರೆ ಸಾವು ಸಾವೇ. ಕೊನೆಯ ಆರೇಳು ಕಂತು ಡೆಲ್ಫೀನ್‌ಳ ಕ್ರೌರ್ಯದಿಂದಾಗಿ ಆ ವಯಸ್ಸಿಗೆ ಭಾರ. ಅವನ್ನು ನೀವು ಮೊದಲು ನೋಡಿ, ಆಮೇಲೆ ನಿರ್ಧರಿಸಿ. ಕನ್ನಡದಲ್ಲಿ ಡಬ್ ಇಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದಲು ಕಷ್ಟ ಆದರೆ ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಗುತ್ತದೆ. 14 ಮುಗಿದ ಮೇಲೆ ಲ್ಯಾವಿ ಬಗ್ಗೆ ನಿಮಗೆ ಏನನ್ನಿಸಿತು ಅಂತ ಇಲ್ಲೇ ಬರೆಯಿರಿ. ತುಂಗೆಯ ದಂಡೆ ಅವರೂ ನಾನೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.